ನಿನಗೆ ಏನೇನು ಬರುತ್ತದೆ

ಕೊಡುವ ಮೊದಲು ಕೇಳಬೇಕು.
ಇದನ್ನು ನನಗೆ ಕಲಿಸಿದ್ದು ಕಾಲೇಜಲ್ಲ,
ಒಝುರ್ಗೆತಿಯ ಸಂತೆಯಲ್ಲಿ ಹೇಝಲ್ ಕಾಯಿ ಅಳೆಯುವ ಚಿಕ್ಕಮ್ಮ:
ಚೀಲ ತೂತೋ ಗಟ್ಟಿಯೋ ನೋಡದೆ ಸುರಿಯುವವಳು
ಮನೆಗೆ ಬರಿಗೈಯಲ್ಲಿ ಹೋಗುತ್ತಾಳೆ.

ಸಾಂಸ್ಕೃತಿಕ ಭವನದ ನೆಲಮಾಳಿಗೆಯಲ್ಲಿ ಒಂದು ಸರ್ವರ್.
ಬಾಗಿಲ ಮೇಲೆ ಈಗಲೂ ‘ವೇಷಭೂಷಣ’ ಎಂಬ ಫಲಕ.
ಅದನ್ನು ಕೂರಿಸಿದ ಹುಡುಗ ಬತೂಮಿಯಿಂದ ಹಡಗು ಹತ್ತಿದ,
ಪಾಸ್‌ವರ್ಡನ್ನು ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿಟ್ಟು,
ಬೇರೇನನ್ನೂ ಬರೆದಿಡದೆ.

ನನ್ನ ಕೈಯಲ್ಲಿ ನಾನೂರ ಹನ್ನೆರಡು ಹಾಡು,
ಟೇಪಿನಿಂದ ಇಳಿಸಿದ್ದು,
ಹೆಸರೆಲ್ಲ ನಮ್ಮ ಲಿಪಿಯಲ್ಲೇ.
ನಲವತ್ತು ಸಾಲಿನ ಪ್ರೋಗ್ರಾಂ ಬರೆದೆ.
ಅದು ಹೋಗಿ ಇಪ್ಪತ್ತೊಂದನೆಯ ಕದ ತಟ್ಟಿ
ಹೆಸರು ಹೇಳಿ, ಗುಟ್ಟು ಹೇಳಿ,
ಹೆಣ್ಣು ಕೇಳಲು ಬಂದ ಮನೆಯವರ ಧಾಟಿಯಲ್ಲಿ
ಒಂದೇ ಮಾತು ಆಡುತ್ತದೆ:

ನಿನಗೆ ಏನೇನು ಬರುತ್ತದೆ?

ಇನ್ನೂರ ಹನ್ನೊಂದು, ಎಂದಿತು ಸರ್ವರ್,
ಗಂಟಲು ಸರಿಮಾಡಿಕೊಂಡ ಹಾಗೆ.
ಆಮೇಲೆ ಸಾಲಿಗೊಂದು ವಿದ್ಯೆ,
ಪ್ರತಿ ಸಾಲಿನ ಮುಂದೆ ಒಂದಿಷ್ಟು ಖಾಲಿ ಜಾಗ
(ನಿಯಮವಂತೆ ಅದು; ನನಗೆ ನಾಚಿಕೆಯಂತೆ ಕಂಡಿತು)
ಗಾತ್ರ ಹೇಳಬಲ್ಲೆ.
ಕೊನೆಯ ಸಲ ಯಾವಾಗ ತಿದ್ದಿದ್ದೆಂದು ಹೇಳಬಲ್ಲೆ.
ಅರ್ಧಕ್ಕೆ ಕಡಿದರೆ ಕಡಿದಲ್ಲಿಂದ ಮುಂದುವರಿಸಬಲ್ಲೆ.
ಮುಗಿಯಿತು.

ಮುಗಿಯಿತೇ?
ಲಿಪಿಯ ಸುದ್ದಿಯೇ ಇಲ್ಲ.
ಯುಟಿಎಫ್ ಎಂಟು ಎಂಬ ಸಾಲು
ಎಲ್ಲೋ ಮರೆತಿರಬಹುದೆಂದು ಮತ್ತೆ ಕೇಳಿದೆ.
ಅದೇ ಮೂರು. ಅದೇ ನಾಚಿಕೆ.

ಮೆಟ್ಟಿಲ ಮೇಲಿಂದ ಲಮ್‌ಝಿರಾ ಅಜ್ಜಿ, ಮೇಳದ ಹಿರಿಯಳು,
ಚಹಾ ಲೋಟ ಹಿಡಿದು: ‘ಏನಂತೆ?’
‘ಅದಕ್ಕೆ ನಮ್ಮ ಅಕ್ಷರ ಬರೋದಿಲ್ಲವಂತೆ.’
‘ಕರಮಾನನೂ ಹಾಗೇ ಹೇಳಿದ್ದ,’ ಎಂದಳು,
ಕೂತಳು, ಮಂಡಿ ಲಟಕ್ಕೆಂದಿತು.

ಪಟ್ಟಣದಿಂದ ಒಬ್ಬ ನೋಟುಪುಸ್ತಕದವನು ಬಂದಿದ್ದನಂತೆ.
ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ
ನಿನಗೆ ಯಾವ ದನಿ ಬರುತ್ತೆ, ನಿನಗೆ ಯಾವುದು, ನಿನಗೆ?
ಕರಮಾನ್ ಹೇಳಿದ್ದು: ‘ನನಗೆ ಬರೋದು ಟ್ರ್ಯಾಕ್ಟರ್.’
ಬರೆದುಕೊಂಡ.
ರಾತ್ರಿ ಊಟದ ಮೇಜಿನಲ್ಲಿ, ವೈನಿನ ಮೂರನೆಯ ಕೊಂಬು ಬರಿದಾದಾಗ,
ಟೇಪು ಇನ್ನೂ ತಿರುಗುತ್ತಿತ್ತು ಅಂತ ಯಾರಿಗೂ ನೆನಪಿಲ್ಲ,
ಒಂದು ಕ್ರಿಮಾಂಚುಲಿ ಎದ್ದಿತು,
ಕೋಳಿ ಮಾಡು ಹಾರಿದ ಹಾಗೆ, ಪದವಿಲ್ಲ, ಅರ್ಥವಿಲ್ಲ,
ಬರೀ ಎತ್ತರ.
‘ಪುಸ್ತಕದಲ್ಲಿ ಇವತ್ತಿಗೂ ಅವನು ಟ್ರ್ಯಾಕ್ಟರೇ.’

ಆ ಫೈಲನ್ನೇ ಮೊದಲು ಕಳಿಸಿದೆ.
ಹೆಸರು: ಕರಮಾನ್, ಮೇಲುದನಿ, ನಡುವೆ ಕೆಮ್ಮು.
ಕಳಿಸಿ, ಏನಿದೆ ತೋರಿಸು ಎಂದೆ.
ಪ್ರಶ್ನೆಚಿಹ್ನೆಗಳ ಸಾಲಿಗಾಗಿ ಕಾದು ಕೂತೆ.

ಬಂತು. ಒಂದು ಕೊಂಬೂ ಮುರಿಯದೆ, ಒಂದು ಸುಳಿಯೂ ಅಳಿಯದೆ.
ಅಕ್ಷರಕ್ಕೆ ಮೂರು ಬೈಟಿನಂತೆ ಕೊಟ್ಟದ್ದನ್ನು
ಮೂರು ಮೂರಾಗಿಯೇ ಎತ್ತಿಟ್ಟಿದೆ ಪೆದ್ದು,
ಅವು ಅಕ್ಷರ ಎಂಬುದೇ ಗೊತ್ತಿಲ್ಲದೆ.

ಹಿಗ್ಗಿದ್ದು ಅರವತ್ತನೆಯ ಹಾಡಿನವರೆಗೆ.
ಅರವತ್ತೊಂದರ ನಡುವೆ ಕರೆಂಟು ಹೋಯಿತು,
ಬಂತು. ಕಡಿದಲ್ಲಿಂದ ಹಿಡಿ, ಎಂದೆ.
ಆಗಲಿ, ಎಂದಿತು, ವಿನಯದಿಂದ.
ಇದ್ದ ಅರ್ಧವನ್ನು ಒರೆಸಿ
ಸೊನ್ನೆಯಿಂದ ಶುರುಮಾಡಿತು.

ಈಗ ನನ್ನ ಪ್ರೋಗ್ರಾಂ ತೊಂಬತ್ತು ಸಾಲು.
ಕೇಳುತ್ತದೆ, ಪಟ್ಟಿ ಬರೆದುಕೊಳ್ಳುತ್ತದೆ,
ಆಮೇಲೆ ಒಂದು ಚೂರು ಫೈಲು ಕೊಟ್ಟು,
ಬೇಕೆಂದೇ ಅರ್ಧಕ್ಕೆ ಕಡಿದು, ನೋಡುತ್ತದೆ.
ಚಿಕ್ಕಮ್ಮನಾದರೆ ಚೀಲಕ್ಕೆ ಮೊದಲು ಒಂದು ಹಿಡಿ ಹಾಕಿ ಅಲ್ಲಾಡಿಸುತ್ತಿದ್ದಳು.

ರಾತ್ರಿ ಹೊರಡುವ ಮುನ್ನ, ಅಜ್ಜಿ ಕೋಟು ತೊಡುತ್ತಿರುವಾಗ,
ಕರಮಾನನ ಫೈಲಿನ ಗಾತ್ರ ಕೇಳಿದೆ.
ತಡವರಿಸದೆ ಹೇಳಿತು, ಕೊನೆಯ ಬೈಟಿನ ತನಕ,
ಕೆಮ್ಮನ್ನೂ ಎಣಿಸಿ.